ನಮಗೇನೂ ಅಭ್ಯಂತರ ಇಲ್ಲಪ್ಪ!

ಅಮೆರಿಕದ ಸಿಯಾಟಲ್‌ನವರ ಗ್ರಹಚಾರ ನೋಡಿ. 2026ರ ಫುಟ್‌ಬಾಲ್ ವಿಶ್ವಕಪ್‌ನ ಒಂದು ಪಂದ್ಯ ಜೂನ್ 26ಕ್ಕೆ ತಮ್ಮೂರಿಗೆ ಬಿದ್ದಿತ್ತು, ಅದೇ ಹೊತ್ತಿಗೆ ಊರಲ್ಲಿ ಗೇ, ಲೆಸ್ಬಿಯನ್ ಮುಂತಾದವರ ಪ್ರೈಡ್ ಹಬ್ಬ ಬೇರೆ, ಎರಡನ್ನೂ ಸೇರಿಸಿ 'ಪ್ರೈಡ್ ಪಂದ್ಯ' ಅಂತ ಮಾಡೋಣ ಎಂದು ಅಲ್ಲಿನ ಸಂಘಟಕರು ಮೊದಲೇ ಸಾರಿಬಿಟ್ಟಿದ್ದರು. ಯಾರು ಆಡುತ್ತಾರೆ ಅಂತ ಆಗಿನ್ನೂ ಗೊತ್ತಿರಲಿಲ್ಲ. 2025ರ ಡಿಸೆಂಬರ್‌ನಲ್ಲಿ ಫಿಫಾದವರು ಚೀಟಿ ಎತ್ತಿದರು. ಬಂದಿದ್ದು ಯಾರು? ಈಜಿಪ್ಟ್ ಮತ್ತು ಇರಾನ್! ಇರಾನಿನ ಕಾನೂನಿನಲ್ಲಿ ಸಲಿಂಗ ಸಂಬಂಧಕ್ಕೆ ಮರಣದಂಡನೆಯವರೆಗೂ ಇದೆ. ಈಜಿಪ್ಟಿನಲ್ಲಿ 'ದುರಾಚಾರ' ಅಂತ ಕೇಸು ಜಡಿದು ಒಳಗೆ ಹಾಕುತ್ತಾರೆ. ಎರಡೂ ಕಡೆಯ ಫುಟ್‌ಬಾಲ್ ಸಂಸ್ಥೆಗಳು ಹೌಹಾರಿ ತಕರಾರು ತೆಗೆದವು. ಭೂಮಿ ಮೇಲೆ ಇಷ್ಟೊಂದು ತಂಡಗಳಿದ್ದರೂ ಸರಿಯಾಗಿ ಇವರಿಬ್ಬರನ್ನೇ ಹುಡುಕಿ ತಂದ ಆ ಚೀಟಿಗೆ ಒಂದು ನಮಸ್ಕಾರ.

ಆ ದೇಶಗಳ ಬಗ್ಗೆ ಹೊಸದಾಗಿ ಹೇಳೋಕೆ ಏನಿದೆ? ಮನಸ್ಸಲ್ಲಿದ್ದದ್ದನ್ನು ಅವರು ಕಾನೂನು ಪುಸ್ತಕದಲ್ಲೇ ಬರೆದಿಟ್ಟಿದ್ದಾರೆ. ನನಗೆ ಮೈ ಉರಿಯೋದು ಉಳಿದವರ ರಾಗ ಕೇಳಿದಾಗ. "ಆಟದಲ್ಲಿ ಇದನ್ನೆಲ್ಲ ಯಾಕೆ ತರ್ತೀರಾ? ನಾವು ನೋಡೋದು ಆಟ ಮಾತ್ರ. ಆಟಗಾರ ಗೇ ಆದ್ರೂ ನಮಗೇನೂ ಅಭ್ಯಂತರ ಇಲ್ಲಪ್ಪ." ಲಂಡನ್ನಿನ ಅಭಿಮಾನಿ, ಮಿಲಾನಿನ ಅಭಿಮಾನಿ, ನಡುರಾತ್ರಿ ಅಲಾರಂ ಇಟ್ಟು ಏಳುವ ನಮ್ಮ ಬೆಂಗಳೂರಿನ ಅಭಿಮಾನಿ, ಎಲ್ಲರದೂ ಇದೇ ಹಾಡು. ಎಂಥ ದೊಡ್ಡ ಮನಸ್ಸು ಅಲ್ವಾ!

ಈ ಅಭ್ಯಂತರವಿಲ್ಲದ ಜನ ಗ್ಯಾಲರಿಗೆ ಬಂದು ಕೂತ ಮೇಲೆ ಏನೇನು ಮಾಡುತ್ತಾರೆ ಅನ್ನೋದಕ್ಕೆ ಗ್ರೇಮ್ ಲೆ ಸೋ ಕಥೆ ಒಂದೇ ಸಾಕು.

ಲೆ ಸೋ ಗೇ ಅಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಕಥೆಯ ಸ್ವಾರಸ್ಯವೇ ಅಲ್ಲಿದೆ. ಲಂಡನ್ನಿನ ಚೆಲ್ಸಿ ತಂಡದ ಎಡಗಡೆ ಡಿಫೆಂಡರ್. ಇಂಗ್ಲೆಂಡಿಗೆ 36 ಪಂದ್ಯ ಆಡಿದವನು, 1995ರಲ್ಲಿ ಬ್ಲ್ಯಾಕ್‌ಬರ್ನ್ ಜೊತೆ ಲೀಗ್ ಗೆದ್ದವನು, ಹೆಂಡತಿ ಮಕ್ಕಳೊಂದಿಗ. ಅವನು ಮಾಡಿದ ತಪ್ಪು ಏನಪ್ಪಾ ಅಂದರೆ, ಗಾರ್ಡಿಯನ್ ಪತ್ರಿಕೆ ಓದುತ್ತಿದ್ದ. ಫುಟ್‌ಬಾಲ್ ಆಟಗಾರ ಅಂದ ಮೇಲೆ ಆ ಕಾಲದ ಇಂಗ್ಲೆಂಡಿನಲ್ಲಿ ಅರೆಬೆತ್ತಲೆ ಹುಡುಗಿಯ ಫೋಟೋ ಇರುವ ಮೂರನೇ ಪುಟ ನೋಡಿ ಮಡಚಿಡಬೇಕಿತ್ತು. ಇವನು ದೊಡ್ಡ ಪತ್ರಿಕೆ ಬಿಡಿಸಿಕೊಂಡು ಕೂತ. ಸಾಲದ್ದಕ್ಕೆ ಹಳೇ ಕಾಲದ ವಸ್ತುಗಳ ಮೇಲೆ ಆಸಕ್ತಿ. ಅದಕ್ಕೂ ಮೊದಲು, 1991ರ ಬೇಸಿಗೆಯಲ್ಲಿ, ತಂಡದ ಗೆಳೆಯ ಕೆನ್ ಮಾಂಕೋ ಜೊತೆ ಕಾರಿನಲ್ಲಿ ಯುರೋಪ್ ಸುತ್ತಿ ಬಂದಿದ್ದ. ಮುಗೀತು. ಸಾಕ್ಷಿ ಸಿಕ್ಕಿತು. ಡ್ರೆಸ್ಸಿಂಗ್ ರೂಮಿನಲ್ಲಿ ಯಾರೋ ಹಲ್ಲು ಕಿರಿದು ಶುರು ಮಾಡಿದ್ದು ಗ್ಯಾಲರಿಗೆ ಹರಡಿತು, ಸಾವಿರಾರು ಜನ ಗಂಟಲು ಹರಿಯುವ ಹಾಗೆ ಅವನ ಹಾಸಿಗೆಯ ವಿಚಾರ ಹಾಡತೊಡಗಿದರು. ಅದೂ ವರ್ಷಗಟ್ಟಲೆ.

ಈ ಲೆಕ್ಕದಲ್ಲಿ ನಮ್ಮೂರಲ್ಲಿ ಯಾರಾದರೂ ಉಳೀತಾರಾ ಹೇಳಿ. ಕಾಲೇಜಿನಲ್ಲಿ ಗೋವಾಕ್ಕೆ ಹೋಗಿ ಒಂದೇ ರೂಮಿನಲ್ಲಿ ಎಂಟು ಜನ ಒಬ್ಬರ ಮೇಲೊಬ್ಬರು ಕಾಲು ಹಾಕಿಕೊಂಡು ಮಲಗಿದ ಹುಡುಗರು, ಬೆಳಗ್ಗೆ ಕಾಫಿ ಲೋಟದ ಜೊತೆ ಸಂಪಾದಕೀಯ ಹಿಡಿದು ಕೂರುವ ನಿವೃತ್ತ ಮೇಷ್ಟ್ರುಗಳು, ಅವೆನ್ಯೂ ರಸ್ತೆಯಲ್ಲಿ ಹಳೇ ಪುಸ್ತಕ ಕೆದಕೋರು, ಅಜ್ಜನ ಕಾಲದ ಹಿತ್ತಾಳೆ ಹೂಜಿ ತಂದು ಹಾಲಿನಲ್ಲಿ ಇಡೋರು, ಎಲ್ಲರ ಮೇಲೂ ಗುಮಾನಿ ಪಡಬೇಕು. ಪುಸ್ತಕ ಮುಟ್ಟದೆ, ಪೇಪರ್ ಓದದೆ, ಗೆಳೆಯರ ಜೊತೆ ಪ್ರವಾಸ ಹೋಗದೆ ಇರೋನು ಮಾತ್ರ ಅಪ್ಪಟ ಗಂಡಸು. ಅಂಥೋರಿಗೇನೂ ನಮ್ಮಲ್ಲಿ ಕೊರತೆ ಇಲ್ಲ ಬಿಡಿ, ಆ ಮಾತು ಬೇರೆ.

ಈಗ 1999ರ ಫೆಬ್ರವರಿ 27ಕ್ಕೆ ಬನ್ನಿ. ಚೆಲ್ಸಿ ಮೈದಾನ, ಎದುರಿಗೆ ಲಿವರ್‌ಪೂಲ್. ಲೆ ಸೋ ಫ್ರೀ ಕಿಕ್ ಹೊಡೆಯೋಕೆ ಚೆಂಡು ಇಟ್ಟುಕೊಂಡು ನಿಂತಿದ್ದಾನೆ. ಎದುರಿಗೆ ಲಿವರ್‌ಪೂಲ್‌ನ ರಾಬಿ ಫೌಲರ್. ಸುಮ್ಮನೆ ನಿಲ್ಲೋದು ಬಿಟ್ಟು, ಬಗ್ಗಿ, ಹಿಂಭಾಗ ತಿರುಗಿಸಿ, 'ಬಾ' ಅನ್ನೋ ಥರ ತೋರಿಸುತ್ತಿದ್ದಾನೆ. ಲೆ ಸೋ ಚೆಂಡು ಹೊಡೆಯಲಿಲ್ಲ. ರೆಫರಿ ಬಂದು ನೋಡಲಿ ಅಂತ ಕಾದ. ರೆಫರಿ ಬಂದರು. ಜೇಬಿಗೆ ಕೈ ಹಾಕಿದರು. ಹಳದಿ ಕಾರ್ಡ್ ತೆಗೆದು ಲೆ ಸೋಗೇ ತೋರಿಸಿದರು, ಟೈಮ್ ವೇಸ್ಟ್ ಮಾಡುತ್ತಿದ್ದಾನೆ ಅಂತ! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನೋ ಗಾದೆ ಮಾಡಿದ ನಮ್ಮ ಹಿರಿಯರು ಪ್ರೀಮಿಯರ್ ಲೀಗ್ ನೋಡಿರಲಿಲ್ಲ ಅಂದರೆ ನಂಬೋದು ಕಷ್ಟ. ಆಮೇಲೆ ಲೆ ಸೋ ತಾಳ್ಮೆ ಕೆಟ್ಟು, ರೆಫರಿ ಕಣ್ಣು ತಪ್ಪಿಸಿ ಫೌಲರ್‌ಗೆ ಒಂದು ಬಿಟ್ಟ. ಅದು ಕ್ಯಾಮೆರಾಕ್ಕೆ ಸಿಕ್ಕಿತು. ಫೌಲರ್‌ಗೆ ಇದಕ್ಕಾಗಿ ಎರಡು ಪಂದ್ಯ ನಿಷೇಧ. ಲೆ ಸೋಗೆ ಒಂದು ಪಂದ್ಯ ನಿಷೇಧ, 5,000 ಪೌಂಡ್ ದಂಡ.

ಗೇ ಅಲ್ಲದವನಿಗೇ ಇಷ್ಟು ಮರ್ಯಾದೆ ಮಾಡಿದ ಮೇಲೆ, ನಿಜವಾಗಿ ಗೇ ಆಗಿರುವ ಹುಡುಗ ಡ್ರೆಸ್ಸಿಂಗ್ ರೂಮಿನ ಮೂಲೆಯಲ್ಲಿ ಕೂತು ಇದನ್ನೆಲ್ಲ ನೋಡುತ್ತಾ ಏನು ತೀರ್ಮಾನಕ್ಕೆ ಬಂದಿರುತ್ತಾನೆ?

ಕೇಳಿದರೆ "ತಮಾಷೆ ಸಾರ್, ಸುಮ್ನೆ ತಮಾಷೆಗೆ" ಅನ್ನುತ್ತಾರೆ. ತಮಾಷೆ ಯಾವ ಮಟ್ಟದ್ದು ಅಂತ ಸ್ವಲ್ಪ ನೋಡಿ. ಚೆಲ್ಸಿ ಆಟಗಾರ ಅಂದರೆ ದುಡ್ಡಿಗೆ ಗಂಡಸರ ಜೊತೆ ಮಲಗೋನು ಅಂತ ಒಂದು ಕೂಗು. ದಶಕಗಳಿಂದ ಇದೆ. 2021ರ ಆಗಸ್ಟ್‌ನಲ್ಲಿ ಬಿಲ್ಲಿ ಗಿಲ್ಮೋರ್ ಅನ್ನೋ ಹುಡುಗ ಚೆಲ್ಸಿಯಿಂದ ಸಾಲದ ಮೇಲೆ ನಾರ್ವಿಚ್‌ಗೆ ಹೋಗಿ ಆಡುತ್ತಿದ್ದ. ಚೆಲ್ಸಿ ಜೆರ್ಸಿಯೂ ಮೈಮೇಲಿಲ್ಲ, ಆದರೂ ಲಿವರ್‌ಪೂಲ್ ಗುಂಪು ಬಿಡಲಿಲ್ಲ, ಅದನ್ನೇ ಹಾಡಿತು. ಕೊನೆಗೆ ಅವರದೇ ಕೋಚ್ ಯುರ್ಗನ್ ಕ್ಲಾಪ್ ಮುಂದೆ ಬಂದು, ಈ ಹಾಡು ಬೇಡ ಕಣ್ರಪ್ಪಾ ಅಂತ ಬುದ್ಧಿ ಹೇಳಬೇಕಾಯಿತು. 2022ರ ಜನವರಿಯಲ್ಲಿ ಇಂಗ್ಲೆಂಡಿನ ಸರ್ಕಾರಿ ವಕೀಲರ ಇಲಾಖೆ ಇದು ದ್ವೇಷದ ಅಪರಾಧ, ಕೇಸು ಹಾಕಬಹುದು ಅಂತ ಹೇಳಿದ ಮೇಲೆ ಗ್ಯಾಲರಿಯ ಕವಿಗಳಿಗೆ ದೊಡ್ಡ ಅನ್ಯಾಯವಾಯಿತು. ಆಟದ ಮಜಾನೇ ಹೋಯ್ತು ಅಂತ ಗೋಳಾಡಿದರು. ಅಲ್ರಪ್ಪಾ, ಬಯ್ಯೋಕೆ ಇಷ್ಟು ದೊಡ್ಡ ಪ್ರಪಂಚ ಇದೆ. ಎದುರಾಳಿಯ ಓಟ, ಹೊಟ್ಟೆ, ಸಂಬಳ, ತಪ್ಪಿಸಿದ ಪೆನಾಲ್ಟಿ, ಎಲ್ಲ ಬಿಟ್ಟು ಒಂದೇ ಕಡೆ ಸುತ್ತುತ್ತಿರುತ್ತೀರಲ್ಲ, ನಿಮಗೆ ಬೇಜಾರಾಗಲ್ವಾ? ಬ್ರೈಟನ್ ಅಭಿಮಾನಿಗಳು ಮೇಲು. ಅವರ ಊರಲ್ಲಿ ಗೇ ಜನ ಜಾಸ್ತಿ ಅಂತ ಎಲ್ಲ ತಂಡದವರೂ ಅವರನ್ನು ರೇಗಿಸುತ್ತಿದ್ದರು. ಅವರು ತಿರುಗಿ ಕೂಗಿದ್ದು: ಗೇ ಆಗೋಕೆ ನಿಮ್ಮ ಮುಖ ಸಾಲದು!

ಗ್ಯಾಲರಿ ಹೀಗಾದರೆ ಮೇಲಿನವರ ಕಥೆ ಕೇಳಿ. 2022ರ ನವೆಂಬರ್ 19, ಆ ಸಲದ ವಿಶ್ವಕಪ್ ನಡೆದ ಕತಾರ್. ಫಿಫಾ ಅಧ್ಯಕ್ಷ ಇನ್‌ಫ್ಯಾಂಟಿನೊ ಮೈಕಿನ ಮುಂದೆ ಕೂತು, ಇವತ್ತು ನನಗೆ ನಾನು ಗೇ ಅನ್ನಿಸುತ್ತಿದೆ ಅಂದರು. ಚಿಕ್ಕವನಿದ್ದಾಗ ಕೆಂಚು ಕೂದಲು ಅಂತ ನನಗೂ ಕಾಟ ಕೊಟ್ಟಿದ್ದರು, ಹಾಗಾಗಿ ನನಗೆ ಗೊತ್ತು ಅಂತ ವಿವರಣೆ ಬೇರೆ. ಕೇಳಿ ನನ್ನ ಕಣ್ಣಲ್ಲಿ ನೀರು ಬಂತು. ಸರಿಯಾಗಿ ಎರಡು ದಿನಕ್ಕೆ, ಬಣ್ಣದ ಪಟ್ಟೆಗಳ ಹೃದಯ ಇರುವ ತೋಳುಪಟ್ಟಿ ಕಟ್ಟಿಕೊಂಡು ಇಳಿದರೆ ನಾಯಕರಿಗೆ ಹಳದಿ ಕಾರ್ಡ್ ಅಂತ ಅದೇ ಫಿಫಾ ಎಚ್ಚರಿಕೆ ಕೊಟ್ಟಿತು. ಅಂದರೆ ಅಧ್ಯಕ್ಷರಿಗೆ ಅನ್ನಿಸಬಹುದು, ನಾಯಕರು ಕಟ್ಟಿಕೊಳ್ಳೋ ಹಾಗಿಲ್ಲ. ಗೇ ಜನರ ಪರವಾಗಿ ಈ ಪಟ್ಟಿ ಕಟ್ಟಿಕೊಂಡೇ ಆಡ್ತೀವಿ ಅಂತ ಯುರೋಪಿನ ಏಳು ದೇಶಗಳು ತಿಂಗಳುಗಟ್ಟಲೆ ಎದೆ ತಟ್ಟಿಕೊಂಡಿದ್ದವಲ್ಲ, ಒಂದು ಹಳದಿ ಕಾರ್ಡ್ ಅಂದ ತಕ್ಷಣ ಪಟ್ಟಿ ಬಿಚ್ಚಿ ಬ್ಯಾಗಿನೊಳಗೆ ಹಾಕಿದವು. ತಲೆ ಒಡೆದು ರಕ್ತ ಸುರಿದರೂ ಬ್ಯಾಂಡೇಜ್ ಸುತ್ತಿಕೊಂಡು ಆಡೋ ವೀರರು ಇವರು.

ಇನ್ನು ಇಟಲಿ. ಜೆಕ್ ಆಟಗಾರ ಯಾಕುಬ್ ಯಾಂಕ್ಟೊ 2023ರ ಫೆಬ್ರವರಿಯಲ್ಲಿ ಒಂದು ಚಿಕ್ಕ ವಿಡಿಯೊ ಹಾಕಿ, ನಾನು ಗೇ, ಇನ್ನು ಮುಚ್ಚಿಟ್ಟುಕೊಂಡು ಬದುಕಲ್ಲ ಅಂದ. ಅಷ್ಟೇ. ಅದೇ ಬೇಸಿಗೆಯಲ್ಲಿ ಇಟಲಿಯ ಕಲ್ಯಾರಿ ತಂಡಕ್ಕೆ ಬಂದ. ಅಲ್ಲಿನ ಕ್ರೀಡಾ ಮಂತ್ರಿ ಆಂದ್ರೆಯಾ ಅಬೋದಿ ಅವರನ್ನು ರೇಡಿಯೊದವರು ಕೇಳಿದರೆ, ಅವರವರ ಆಯ್ಕೆಗೆ ಗೌರವ ಇದೆ, ಆದರೆ ಈ ಪ್ರದರ್ಶನ ಮಾಡೋದು ನನಗೆ ಇಷ್ಟ ಆಗಲ್ಲ ಅಂದರು.

ಪ್ರದರ್ಶನ! ಫುಟ್‌ಬಾಲ್ ಮೈದಾನದಲ್ಲಿ ಪ್ರದರ್ಶನ ಬೇಡವಂತೆ! ಗೋಲು ಹೊಡೆದವನು ಏನು ಮಾಡುತ್ತಾನೆ ನೋಡಿದ್ದೀರಲ್ಲ. ಓಡಿಹೋಗಿ ಚೆಂಡು ಎತ್ತಿಕೊಂಡು ಜೆರ್ಸಿಯೊಳಗೆ ತುರುಕುತ್ತಾನೆ. ಹೊಟ್ಟೆ ಉಬ್ಬುತ್ತದೆ. ಹೆಬ್ಬೆರಳು ಬಾಯಿಗಿಟ್ಟು ಚೀಪುತ್ತಾ ಕ್ಯಾಮೆರಾ ಕಡೆ ಬರುತ್ತಾನೆ. ಹೆಂಡತಿಗೆ ತಿಂಗಳಾಗಿದೆ ಅಂತ ಪ್ರಪಂಚಕ್ಕೆಲ್ಲ ಡಂಗೂರ. ಸೀಮಂತದ ಕರೆಯೋಲೆ ಒಂದು ಬಾಕಿ. ಕಾಮೆಂಟರಿಯವರು ಕಣ್ಣೊರೆಸಿಕೊಳ್ಳುತ್ತಾರೆ. ಇನ್ನೊಬ್ಬ ಉಂಗುರಕ್ಕೆ ಮುತ್ತು ಕೊಡುತ್ತಾನೆ. ಆಮೇಲೆ ಹತ್ತೂ ಜನ ಬಂದು ಅವನ ಮೇಲೆ ಬಿದ್ದು, ತಬ್ಬಿ, ಕೆನ್ನೆಗೆ ಮುತ್ತಿಟ್ಟು, ಹಿಂದೆ ತಟ್ಟಿ ಎಬ್ಬಿಸುತ್ತಾರೆ. ಗ್ಯಾಲರಿಯಲ್ಲಿ ಅಂಗಿ ಬಿಚ್ಚಿದ ಗಂಡಸರು ಅಪರಿಚಿತ ಗಂಡಸರನ್ನು ತಬ್ಬಿಕೊಂಡು ಅಳುತ್ತಾರೆ. ಇದ್ಯಾವುದೂ ಪ್ರದರ್ಶನ ಅಲ್ಲ. ಮನೆಯಲ್ಲಿ ಕೂತು ಫೋನಿಗೆ ನಾಲ್ಕು ಮಾತು ಹೇಳಿದವನದ್ದು ಪ್ರದರ್ಶನ.

ಇಲ್ಲಿಯವರೆಗೂ ನಗುತ್ತಲೇ ಬರೆದೆ. ಇಂಗ್ಲೆಂಡಿನ ಆಟಗಾರ ಜಸ್ಟಿನ್ ಫಶಾನು ವಿಚಾರಕ್ಕೆ ಬಂದರೆ ನಗು ಬರಲ್ಲ.

1980ರಲ್ಲಿ ನಾರ್ವಿಚ್ ಪರ ಲಿವರ್‌ಪೂಲ್ ವಿರುದ್ಧ ಅವನು ಹೊಡೆದ ಗೋಲು ಇವತ್ತೂ ಜನ ಹುಡುಕಿ ನೋಡುತ್ತಾರೆ. 1981ರಲ್ಲಿ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಅವನಿಗೆ ಹತ್ತು ಲಕ್ಷ ಪೌಂಡ್ ಕೊಟ್ಟಿತು. ಕಪ್ಪು ಆಟಗಾರನಿಗೆ ಇಂಗ್ಲೆಂಡಿನಲ್ಲಿ ಅಷ್ಟು ಬೆಲೆ ಸಿಕ್ಕಿದ್ದು ಅದೇ ಮೊದಲು. ಅವನು ಗೇ ಬಾರ್‌ಗಳಿಗೆ ಹೋಗುತ್ತಾನೆ ಅಂತ ಗೊತ್ತಾದ ಮೇಲೆ ಕೋಚ್ ಬ್ರಯಾನ್ ಕ್ಲಫ್ ತಂಡದಿಂದ ದೂರ ಇಟ್ಟರು. ಅಭ್ಯಾಸಕ್ಕೆ ಬಂದಾಗ ಪೊಲೀಸರನ್ನು ಕರೆಸಿ ಆಚೆ ಕಳಿಸಿದರು. 1990ರ ಅಕ್ಟೋಬರ್‌ನಲ್ಲಿ 'ಸನ್' ಪತ್ರಿಕೆಯ ಮುಖಪುಟದಲ್ಲಿ ನಾನು ಗೇ ಅಂದ. ಅವನ ಸ್ವಂತ ತಮ್ಮ ಜಾನ್, ಅವನೂ ಫುಟ್‌ಬಾಲ್ ಆಟಗಾರನೇ, ಪೇಪರಿನಲ್ಲಿ ಬಹಿರಂಗವಾಗಿ ಅಣ್ಣನನ್ನು ದೂರ ತಳ್ಳಿದ. 1998ರಲ್ಲಿ ಅಮೆರಿಕದಲ್ಲಿ ಅವನ ಮೇಲೆ ಲೈಂಗಿಕ ದೌರ್ಜನ್ಯದ ದೂರು ದಾಖಲಾಯಿತು. ಒಪ್ಪಿಗೆಯಿಂದಲೇ ಆದದ್ದು, ಆದರೆ ಗೇ ಆದ ನನಗೆ ನ್ಯಾಯ ಸಿಗಲ್ಲ ಅನ್ನೋ ಅರ್ಥದಲ್ಲಿ ಪತ್ರ ಬರೆದಿಟ್ಟು, ಆ ಮೇ ತಿಂಗಳಲ್ಲಿ ಲಂಡನ್ನಿನಲ್ಲಿ ಪ್ರಾಣ ಬಿಟ್ಟ. 37 ವರ್ಷ. ಆ ದೂರಿನ ಸತ್ಯ ಏನು ಅಂತ ಕೋರ್ಟಿನಲ್ಲಿ ತೀರ್ಮಾನ ಆಗಲೇ ಇಲ್ಲ. ಅದಕ್ಕಿಂತ ಮುಂಚಿನ ಹದಿನೇಳು ವರ್ಷ ಅವನಿಗೆ ಏನೇನು ಮಾಡಿದರು ಅನ್ನೋದರ ಬಗ್ಗೆ ಮಾತ್ರ ಯಾವ ಅನುಮಾನವೂ ಇಲ್ಲ. 2020ರಲ್ಲಿ ಅವನ ಹೆಸರನ್ನು ಇಂಗ್ಲೆಂಡಿನ ಫುಟ್‌ಬಾಲ್ ಮ್ಯೂಸಿಯಂನ ಗೌರವ ಪಟ್ಟಿಗೆ ಸೇರಿಸಿದರು. ಸತ್ತು 22 ವರ್ಷ ಆದ ಮೇಲೆ ಯಾರಿಗೂ ಅಭ್ಯಂತರ ಇರಲಿಲ್ಲ.

ಅವನ ನಂತರ ಇಂಗ್ಲೆಂಡಿನ ವೃತ್ತಿಪರ ಪುರುಷರ ಫುಟ್‌ಬಾಲಿನಲ್ಲಿ, ಆಡುತ್ತಿರುವಾಗಲೇ ಹೇಳಿಕೊಂಡ ಇನ್ನೊಬ್ಬ ಸಿಕ್ಕಿದ್ದು ಯಾವಾಗ? 2022ರ ಮೇ ತಿಂಗಳಲ್ಲಿ. ಬ್ಲ್ಯಾಕ್‌ಪೂಲ್ ತಂಡದ ಜೇಕ್ ಡೇನಿಯಲ್ಸ್. ವಯಸ್ಸು 17. ಪಿಯುಸಿ ಹುಡುಗನ ವಯಸ್ಸು ಅದು. ಮೂವತ್ತು ವರ್ಷ ದೊಡ್ಡ ದೊಡ್ಡ ಗಂಡಸರು ನುಂಗಿಕೊಂಡು ಕೂತಿದ್ದನ್ನು ಒಬ್ಬ ಹುಡುಗ ಬಂದು ಹೇಳಬೇಕಾಯಿತು, ಆಮೇಲೆ ಎಲ್ಲರೂ ಅವನ ಬೆನ್ನು ತಟ್ಟಿದರು, ಧೈರ್ಯಶಾಲಿ ಅಂದರು. ಆ ಹುಡುಗನಿಗೆ ಅಷ್ಟು ಧೈರ್ಯ ಬೇಕಾಗೋ ಹಾಗೆ ಮಾಡಿದ್ದು ಯಾರು ಅಂತ ಯಾರೂ ಕೇಳಲಿಲ್ಲ. ಮಹಿಳೆಯರ ಕಡೆ ನೋಡಿ, 2023ರ ವಿಶ್ವಕಪ್‌ನಲ್ಲಿ ಹೇಳಿಕೊಂಡು ಆಡಿದವರು ಎಂಬತ್ತಕ್ಕೂ ಹೆಚ್ಚು. ಆಕಾಶ ಕಳಚಿ ಬೀಳಲಿಲ್ಲ, ಗೋಲ್‌ಪೋಸ್ಟೂ ಅಲ್ಲೇ ಇತ್ತು.

ಆಸ್ಟ್ರೇಲಿಯಾದ ಜಾಶ್ ಕವಾಲೊ 2021ರಲ್ಲಿ ಹೇಳಿಕೊಂಡ. ಮೂರು ತಿಂಗಳೊಳಗೆ ಮೆಲ್ಬರ್ನ್ ವಿಕ್ಟರಿ ಮೈದಾನದಲ್ಲಿ ಅವನ ಮೇಲೆ ಬೈಗುಳದ ಮಳೆ. ಕ್ಲಬ್ಬಿಗೆ ದಂಡ ಎಷ್ಟು ಗೊತ್ತಾ? 5,000 ಆಸ್ಟ್ರೇಲಿಯನ್ ಡಾಲರ್. ನಮ್ಮ ದುಡ್ಡಿನಲ್ಲಿ ಎರಡೂವರೆ, ಮೂರು ಲಕ್ಷ. ಇಡೀ ಗ್ಯಾಲರಿಗೆ ಹಂಚಿದರೆ ತಲೆಗೆ ಅಲ್ಲಿನ ಒಂದು ಚಹಾದ ದುಡ್ಡೂ ಬರಲ್ಲ. ದಿನಾ ಕೊಲೆ ಬೆದರಿಕೆ ಬರುತ್ತಿದೆ ಅಂತ ಅವನು 2025ರಲ್ಲೂ ಹೇಳುತ್ತಿದ್ದ.

ಇಷ್ಟಾದ ಮೇಲೂ ಅಭಿಮಾನಿಗಳದ್ದು ಒಂದೇ ಪ್ರಶ್ನೆ, "ಇದ್ರೆ ಯಾಕೆ ಬಂದು ಹೇಳಲ್ಲ?" ಜರ್ಮನಿಯಲ್ಲಿ ಮಾರ್ಕುಸ್ ಉರ್ಬಾನ್ ಅನ್ನೋ ಮಾಜಿ ಆಟಗಾರ ಇದಕ್ಕೂ ಒಂದು ದಾರಿ ಮಾಡಿಕೊಟ್ಟ. ಒಬ್ಬೊಬ್ಬರೇ ಬರೋಕೆ ಹೆದರಿಕೆ ತಾನೇ, ಎಲ್ಲರೂ ಒಟ್ಟಿಗೆ ಬನ್ನಿ ಅಂತ 2024ರ ಮೇ 17ಕ್ಕೆ ಮುಹೂರ್ತ ಇಟ್ಟ. ಪೇಪರ್, ಟಿವಿ ಎಲ್ಲ ಕಾದು ಕೂತವು. ಈಗ ಆಡುತ್ತಿರುವ ಒಬ್ಬ ವೃತ್ತಿಪರ ಆಟಗಾರನೂ ಬರಲಿಲ್ಲ. ಅಭಿಮಾನಿಗಳಿಗೆ ಖುಷಿಯೋ ಖುಷಿ. "ನೋಡಿದ್ರಾ, ನಾವು ಹೇಳಿರ್ಲಿಲ್ವಾ, ನಮ್ಮ ಆಟದಲ್ಲಿ ಅಂಥೋರು ಇಲ್ಲವೇ ಇಲ್ಲ."

ಇರ್ತಾರೆ ಸ್ವಾಮಿ. ಮೈದಾನದಲ್ಲಿ ಅವನು ಕಾರ್ನರ್ ಹೊಡೆಯೋಕೆ ಬಂದಾಗ ನೀವು ಎರಡು ಮಾರು ದೂರದಲ್ಲಿ ನಿಂತು, ಎದುರು ತಂಡದವನಿಗೆ ಅದೇ ಬೈಗುಳ ಬಯ್ಯುತ್ತಿರುತ್ತೀರಿ. ಅವನಿಗೆ ಒಂದೊಂದು ಅಕ್ಷರವೂ ಕೇಳಿಸುತ್ತಿರುತ್ತದೆ. ಸಾವಿರಾರು ರೂಪಾಯಿ ಕೊಟ್ಟು ನೀವು ಹಾಕಿಕೊಂಡಿರುವ ಜೆರ್ಸಿಯ ಬೆನ್ನ ಮೇಲೆ ಇರೋದು ಅವನ ಹೆಸರೇ ಇರಬಹುದು.