ಬಾಯಿಗೆ ಅಡ್ಡ ಹಿಡಿದ ಕೈ

ನ್ಯಾಷನಲ್ ಕಾಲೇಜ್ ನಿಲ್ದಾಣ ದಾಟಿದ ಮೆಟ್ರೊ ಮಾರುಕಟ್ಟೆಯ ಕಡೆಗೆ ಸುರಂಗಕ್ಕಿಳಿಯುತ್ತಲೇ ಕಿಟಕಿಯ ಗಾಜು ಕನ್ನಡಿಯಾಗಿಬಿಡುತ್ತದೆ. ಮೊನ್ನೆ ಗೆಳತಿಯ ಮಾತಿಗೆ ನಗುತ್ತಿದ್ದವಳು ಆ ಗಾಜಿನಲ್ಲಿ ನನ್ನ ಬದಲು ಅಮ್ಮನನ್ನು ಕಂಡೆ: ಬೆರಳುಗಳನ್ನು ಒತ್ತಾಗಿ ಜೋಡಿಸಿ, ಕಿರುಬೆರಳನ್ನು ಗದ್ದಕ್ಕೆ ತಾಗಿಸಿ, ಬಾಯಿಗೆ ಅಡ್ಡ ಹಿಡಿದ ಅದೇ ಕೈ.

ಕೇಳಿದರೆ, ಅದು ತನ್ನದಲ್ಲ, ಸೋದರತ್ತೆಯದು ಎಂದರು ಅಮ್ಮ. ಬಾವಿಕಟ್ಟೆಯಲ್ಲಿ ಜಾರಿ ಬಿದ್ದು ಮುಂದಿನ ಹಲ್ಲು ಮುರಿದುಕೊಂಡಿದ್ದ ಆಕೆ, ಅದು ಕಾಣದಿರಲೆಂದು ಹಾಗೆ ನಗುತ್ತಿದ್ದರಂತೆ. ಮೂರು ತಲೆಮಾರಿನ ಲಜ್ಜೆಯ ಬುಡದಲ್ಲಿ ಒಂದು ಮುರುಕು ಹಲ್ಲು ಸಿಕ್ಕಿತೆಂದು ನಾನು ಹಿಗ್ಗುವಷ್ಟರಲ್ಲಿ ಅಜ್ಜಿ ತಣ್ಣೀರೆರಚಿದರು: "ಹಲ್ಲು ಮುರಿಯೋಕೆ ಮುಂಚೇನೂ ಅವಳು ಹಾಗೇ ನಗ್ತಿದ್ದಳು. ಹೆಣ್ಣುಮಕ್ಕಳು ಇನ್ನು ಹೇಗೆ ನಗ್ತಾರೆ?"

ಹೆಣ್ಣು ಹೆಣ್ಣಾಗಿ ಹುಟ್ಟುವುದಿಲ್ಲ, ಹೆಣ್ಣಾಗುತ್ತಾಳೆ ಎಂದು ಫ್ರೆಂಚ್ ಲೇಖಕಿ ಸಿಮೋನ್ ದ ಬೊವಾ 1949ರಲ್ಲಿ ಬರೆದದ್ದು ನನಗೆ ಓದಿದಾಗಲೇ ಒಪ್ಪಿಗೆಯಾಗಿತ್ತು. ಆದರೆ 1990ರಲ್ಲಿ ಅಮೆರಿಕದ ತತ್ತ್ವಜ್ಞಾನಿ ಜುಡಿತ್ ಬಟ್ಲರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಲಿಂಗತ್ವವೆಂಬುದು, ಅಂದರೆ ಹೆಣ್ತನ ಗಂಡಸುತನಗಳು, ಮೂಲಪ್ರತಿಯೇ ಇಲ್ಲದ ಅನುಕರಣೆ, ಮತ್ತೆ ಮತ್ತೆ ಮಾಡುತ್ತ ಹೋದದ್ದೇ ಒಳಗಿನ ಸ್ವಭಾವದಂತೆ ತೋರುತ್ತದೆ ಎಂದಾಗ, ಇದು ತತ್ತ್ವಜ್ಞಾನಿಗಳ ಅತಿಯಾಯಿತೆಂದು ಪುಟದ ಅಂಚಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದೆ. ಅಜ್ಜಿಯ ಒಂದು ಮಾತಿನಿಂದ ಆ ಚಿಹ್ನೆಯನ್ನು ಅಳಿಸಬೇಕಾಗಿ ಬಂತು.

ಅನುಕರಿಸುವ ಸ್ವಾತಂತ್ರ್ಯವಾದರೂ ಎಲ್ಲರಿಗೂ ಇದೆಯೇ? ಬಸವನಗುಡಿಯ ನಮ್ಮ ಮನೆಯಲ್ಲಿ ಕಳೆದ ಸಂಕ್ರಾಂತಿಯಂದು, ಅಣ್ಣನ ನಾಲ್ಕು ವರ್ಷದ ಮಗ ನನ್ನನ್ನು ನೋಡಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕ. ಅವನು ತಾತನಂತೆ ಬೆನ್ನ ಹಿಂದೆ ಕೈ ಕಟ್ಟಿ ನಡೆದಾಗ ಫೋಟೊ ತೆಗೆದಿದ್ದ ಅಣ್ಣನೇ ಈಗ, "ಏನೋ ಅದು, ಹುಡುಗೀರ ಥರ?" ಎಂದು ಗದರಿದ. ಮಗು ನಕಲು ಮಾಡಿದ್ದು ತಪ್ಪಲ್ಲ, ಆರಿಸಿಕೊಂಡ ಮಾದರಿ ತಪ್ಪು!

ಹೊರಿಸಿದ ಪಾತ್ರವನ್ನು ಬೇಕೆಂದೇ ಅಭಿನಯಿಸಿ ಅದನ್ನು ಬಯಲಿಗೆಳೆಯುವ ಉಪಾಯವನ್ನು ಸ್ತ್ರೀವಾದಿ ಚಿಂತಕಿ ಲೂಸ್ ಇರಿಗಾರೆ ಹೇಳಿದ್ದು ಹೆಂಗಸರಿಗೆ. ಹುಡುಗನಿಗೆ ಅದನ್ನು ಯಾರು ಕಲಿಸಿದರೋ ತಿಳಿಯದು. ಗದರಿಕೆ ಮುಗಿಯುವ ಮೊದಲೇ ಅವನು ಎರಡೂ ಕೈಗಳನ್ನು ಬಾಯಿಗೆ ಹಿಡಿದು, ಕಣ್ಣರಳಿಸಿ, ಸೊಂಟ ಬಾಗಿಸಿ ಇನ್ನೊಮ್ಮೆ ನಕ್ಕ. ಎಳ್ಳು ಬೀರಲು ಬಂದು ಕುಳಿತಿದ್ದ ಹೆಂಗಸರೆಲ್ಲ ಗೊಳ್ಳೆಂದು ನಕ್ಕೆವು. ಬಾಯಿಗೆ ಅಡ್ಡ ಹೋಗದೆ ಉಳಿದ ಕೈ ಅಜ್ಜಿಯದೊಂದೇ; ಅವರು ಬಿಸಿ ಕಾಫಿಯ ಲೋಟ ಹಿಡಿದಿದ್ದರು.