ಸೌಂದರ್ಯ ಅವರದು, ಬಿಲ್ಲು ನಿಮ್ಮದು

1889ರಲ್ಲಿ ಇಟಲಿಯ ಗಾಬ್ರಿಯೇಲೆ ಡಾನ್ನುಂಜಿಯೊ ತನ್ನ ಮೊದಲ ಕಾದಂಬರಿ ‘ಇಲ್ ಪಿಯಾಚೆರೆ’ ಹೊರತಂದ. ಹೆಸರೇ ‘ಸುಖ’ ಅಂತ. ಅದರ ನಾಯಕ ಆಂದ್ರೆಯಾ ಸ್ಪೆರೆಲ್ಲಿ, ರೋಮ್‌ನಲ್ಲಿ ಬೀಡುಬಿಟ್ಟ ಕೌಂಟ್. ಅಪ್ಪ ಅವನಿಗೆ ಮಾಡಿದ ಉಪದೇಶ: ಬದುಕನ್ನು ಕಲಾಕೃತಿಯ ಹಾಗೆ ಕಟ್ಟಬೇಕು. ಅದರ ಖರ್ಚಿನ ಬಿಲ್ಲನ್ನು ಯಾರು ಕಟ್ಟಬೇಕು ಅನ್ನೋದನ್ನು ಮಾತ್ರ ಹೇಳಲಿಲ್ಲ.

ಸ್ಪೆರೆಲ್ಲಿ ಸಾಹೇಬರಿಗೆ ಬಿಡುವೇ ಇಲ್ಲ. ಗುಲಾಬಿ ಜೋಡಿಸಬೇಕು, ಹರಾಜಿಗೆ ಹೋಗಿ ಹಳೇ ಸಾಮಾನು ತಡವಬೇಕು, ದ್ವಂದ್ವಯುದ್ಧ ಮಾಡಿ ಗಾಯ ಮಾಡಿಕೊಳ್ಳಬೇಕು. ಪ್ರೇಯಸಿ ಎಲೆನಾ ಕೈಕೊಟ್ಟು ಹೋಗುತ್ತಾಳೆ. ಯಾಕೆ? ಹಣದ ತಾಪತ್ರಯಕ್ಕೆ ಒಬ್ಬ ಶ್ರೀಮಂತ ಇಂಗ್ಲಿಷ್ ಗಂಡ ಬೇಕಾಗಿತ್ತು. ನಂತರ ಸಿಕ್ಕವಳು ಸಾಧ್ವಿ ಮರಿಯಾ. ಅವಳನ್ನು ತಬ್ಬಿಕೊಂಡೇ ಸಾಹೇಬರು ‘ಎಲೆನಾ’ ಅಂದುಬಿಡುತ್ತಾರೆ. ಮರಿಯಾಳ ಗಂಡ ಜೂಜಿನಲ್ಲಿ ಮೋಸ ಮಾಡಿ ಸಿಕ್ಕಿಬೀಳುತ್ತಾನೆ, ಅವರ ಮನೆ ಸಾಮಾನು ಹರಾಜಾಗುತ್ತದೆ. ಕೊನೆಗೆ ಕೂಲಿಗಳು ಒಂದು ಬೀರು ಹೊತ್ತು ಮೆಟ್ಟಿಲು ಹತ್ತುತ್ತಿರುತ್ತಾರೆ. ದಾರಿ ಬಿಡೋ ಹಾಗಿಲ್ಲ. ಸೌಂದರ್ಯದ ಆರಾಧಕ ಅದರ ಹಿಂದೆ ಒಂದೊಂದೇ ಮೆಟ್ಟಿಲು ಹತ್ತಿ ಮನೆ ಸೇರುತ್ತಾನೆ. ಇಷ್ಟು ಚೆನ್ನಾಗಿ ತನ್ನ ನಾಯಕನ ಮಾನ ಕಳೆದ ಲೇಖಕ ಪಾಠ ಕಲಿತಿರಬೇಕು ಅಲ್ವಾ?

ನಡುವೆ ಇನ್ನೊಂದು ಸಂಗತಿ. 1887ರ ಜನವರಿಯಲ್ಲಿ ಆಫ್ರಿಕಾದ ದೊಗಾಲಿಯಲ್ಲಿ ನಾನೂರಕ್ಕೂ ಹೆಚ್ಚು ಇಟಲಿ ಸೈನಿಕರು ಸತ್ತರು. ಕಾದಂಬರಿಯಲ್ಲಿ ಆ ಸುದ್ದಿಗೆ ರೋಮ್ ಬೀದಿಗಿಳಿದಿದೆ. ಗಾಡಿಯೊಳಗಿನ ಸ್ಪೆರೆಲ್ಲಿ ತಲೆ ಒಳಗೆಳೆದುಕೊಂಡು, ಮೃಗಗಳ ಹಾಗೆ ಸತ್ತ ನಾನೂರು ಮೃಗಗಳಿಗಾಗಿ ಇಷ್ಟೆಲ್ಲಾ ಗದ್ದಲ ಅಂತ ಗೊಣಗುತ್ತಾನೆ. ನಾಯಕನ ಮಾತನ್ನು ಲೇಖಕನ ತಲೆಗೆ ಕಟ್ಟಬಾರದಂತೆ. ಸರಿ, ಕಟ್ಟುವುದಿಲ್ಲ. ಅವನ ಸ್ವಂತದ್ದೇ ಬೇಕಾದಷ್ಟಿದೆ. 1915ರಲ್ಲಿ ಇಟಲಿ ಮೊದಲ ಮಹಾಯುದ್ಧಕ್ಕಿಳಿಯಲೇಬೇಕು ಅಂತ ಊರೆಲ್ಲ ಭಾಷಣ ಬಿಗಿದವರಲ್ಲಿ ಇವನೇ ಮುಂದು. ಆಗ ಸಾಯುವವರು ಮೃಗಗಳಲ್ಲ, ವೀರರು.

ಡಾನ್ನುಂಜಿಯೊನ ಸಾಲದ ವಿಷಯಕ್ಕೆ ಬರೋಣ. ಫ್ಲಾರೆನ್ಸಿನ ಪಕ್ಕ ಸೆತ್ತಿನ್ಯಾನೊದಲ್ಲಿ ಬಂಗಲೆ, ಕುದುರೆ, ಬೇಟೆನಾಯಿ, ರೇಷ್ಮೆ, ಎಲ್ಲವೂ ಉದ್ದರಿ. ಸಾಲ ಕೊಳ್ಳುವಾಗ ಹಾಲೋಗರ, ಸಾಲಿಗ ಬಂದಾಗ ಕಿಬ್ಬದಿಯ ಕೀಲು ಮುರಿತ ಅಂತ ನಮ್ಮ ಸರ್ವಜ್ಞ ಲೆಕ್ಕ ಹಾಕಿದ್ದ. ಕೀಲು ಮುರಿಯುವ ಮೊದಲೇ ಫ್ರಾನ್ಸಿಗೆ ಜಾರಿಕೊಳ್ಳಬಹುದು ಅನ್ನೋ ಉಪಾಯ ಅವನಿಗೂ ಹೊಳೆದಿರಲಿಲ್ಲ. 1910ರಲ್ಲಿ ಡಾನ್ನುಂಜಿಯೊ ಹಾಗೇ ಮಾಡಿದ. ಇತ್ತ ಮನೆ ಸಾಮಾನು ಹರಾಜಾಯಿತು. ಕಾದಂಬರಿಯ ಕೊನೆಯ ಅಧ್ಯಾಯ, ಆದರೆ ಬೀರುವಿನ ಹಿಂದೆ ನಡೆಯುವವನೇ ಊರಲ್ಲಿಲ್ಲ.

ಸಾಲಗಾರನಿಗೆ ದೇಶ ಏನು ಮಾಡಬೇಕು? ಇಟಲಿ ಸ್ಮಾರಕ ಕಟ್ಟಿತು. ಅದೂ ಅವನು ಬದುಕಿರುವಾಗಲೇ. ಗಾರ್ದಾ ಸರೋವರದ ದಡದಲ್ಲಿ ಅವನು ಕೊಂಡ ಮನೆಯನ್ನು 1923ರಲ್ಲಿ ‘ರಾಷ್ಟ್ರಕ್ಕೆ ದಾನ’ ಮಾಡಿದ. ದಾನಿ ಅಲ್ಲೇ ಇರುತ್ತಾನೆ, ಖರ್ಚು ಸರ್ಕಾರದ್ದು. ಇಂಥ ದಾನ ಮಾಡಲು ಯಾರಿಗೆ ತಾನೇ ಮನಸ್ಸಾಗದು! ಬಾಗಿಲಲ್ಲಿ ಕೆತ್ತಿಸಿದ ಘೋಷವಾಕ್ಯ: ಕೊಟ್ಟದ್ದೇ ನನ್ನ ಬಳಿ ಇರುವುದು. ಅಕ್ಷರಶಃ ನಿಜ. ಒಂದು ಯುದ್ಧನೌಕೆಯ ಮುಂಭಾಗವನ್ನೇ ತಂದು ತೋಟದ ಗುಡ್ಡದಲ್ಲಿ ನೆಟ್ಟರು. ಹುಳುಕು ಹಲ್ಲನ್ನು ಕೀಳಬೇಕು, ಇಲ್ಲವೇ ಚಿನ್ನ ತುಂಬಬೇಕು ಅಂತ ಮುಸೊಲಿನಿ ಇವನ ಬಗ್ಗೆ ಹೇಳಿದನಂತೆ. ಚಿನ್ನ ಯಾರ ಜೇಬಿನದು ಅಂತ ಕೇಳುವ ಧೈರ್ಯ ಆಗಿನ ಇಟಲಿಯಲ್ಲಿ ಜಾಸ್ತಿ ಜನರಿಗೆ ಇರಲಿಲ್ಲ.

ಆ ಮನೆ ಈಗ ಮ್ಯೂಸಿಯಂ. ಟಿಕೆಟ್ ಕೊಂಡು ಒಳಗೆ ಹೋದರೆ ಊಟದ ಕೋಣೆಯಲ್ಲಿ, ಮೇಜಿನ ತುದಿಗೆ, ದೊಡ್ಡದೊಂದು ಕಂಚಿನ ಆಮೆ. ಒಬ್ಬ ಶ್ರೀಮಂತ ಗೆಳತಿ ಕೊಟ್ಟ ಆಮೆಯದು. ತೋಟದ ಸುಗಂಧರಾಜ ಹೂವನ್ನು ಮಿತಿಮೀರಿ ತಿಂದು ಸತ್ತಿತಂತೆ. ಅತಿಯಾಗಿ ತಿನ್ನಬೇಡಿ ಅಂತ ಅತಿಥಿಗಳನ್ನು ಎಚ್ಚರಿಸಲು ಯಜಮಾನ ಅದನ್ನು ಕಂಚಿನಲ್ಲಿ ಮಾಡಿಸಿ ಇಟ್ಟ. ಆ ಮನೆಯಲ್ಲಿ ತಾನು ತಿಂದದ್ದಕ್ಕೆ ತಾನೇ ಬೆಲೆ ತೆತ್ತದ್ದು ಆ ಆಮೆಯೊಂದೇ.