ಸತ್ಯಾಂಶ: ಕ್ವಾಲಿಫೈ ಆದರೆ ಬೋಸ್ಟನ್‌ನಲ್ಲಿ ಜಾಗ ಗ್ಯಾರಂಟಿನಾ?

"ಟೈಮ್ ಹೊಡೆದರೆ ಸಾಕು, ಬೋಸ್ಟನ್ ಮ್ಯಾರಥಾನ್‌ನಲ್ಲಿ ಜಾಗ ಖಚಿತ. ಈ ನಿಯಮ ಇರೋದೇ ಸಾಮಾನ್ಯರನ್ನು ದೂರ ಇಡೋಕೆ." ಬೆಂಗಳೂರಿನ ಓಟಗಾರರ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿರುವ ಈ ಸಂದೇಶದ ಎರಡೂ ಮಾತು ತಪ್ಪು. ಅಮೆರಿಕದ ಈ ಓಟಕ್ಕೆ ಟೈಮ್ ಆಧಾರದ ಮೇಲೆ ಅರ್ಜಿ ಹಾಕೋರು ಮೊದಲೇ ಒಂದು ಮ್ಯಾರಥಾನ್ ಅನ್ನು ತಮ್ಮ ವಯಸ್ಸಿನ ಮಿತಿಯೊಳಗೆ ಮುಗಿಸಿರಬೇಕು, ಆ ನಿಯಮದ ಮಾತಿದು.

ಕಳೆದ ಭಾನುವಾರ ಕಬ್ಬನ್ ಪಾರ್ಕ್‌ನಲ್ಲಿ ಗೆಳೆಯರೊಬ್ಬರು ಬೆವರು ಒರೆಸಿಕೊಳ್ಳುತ್ತಾ ತಮ್ಮ ಹಳೆಯ ಮ್ಯಾರಥಾನ್ ಸಮಯ ತೋರಿಸಿದರು: 2 ಗಂಟೆ 54 ನಿಮಿಷ. 35 ತುಂಬದ ಗಂಡಸರಿಗೆ 2026ರ ಮಿತಿ 2 ಗಂಟೆ 55 ನಿಮಿಷ. ಅಂದರೆ ಇವರು ಪಾಸ್, ಅಲ್ವಾ? ಆದರೆ ಆ ವರ್ಷ ಅರ್ಜಿ ಜಾಸ್ತಿ ಬಂದವು. ಮಿತಿಗಿಂತ ಕನಿಷ್ಠ 4 ನಿಮಿಷ 34 ಸೆಕೆಂಡ್ ಬೇಗ ಮುಗಿಸಿದವರಿಗೆ ಮಾತ್ರ ಜಾಗ ಸಿಕ್ಕಿತು. ಮಿತಿಯೊಳಗೆ ಮುಗಿಸಿದರೆ ಅರ್ಜಿ ಹಾಕಬಹುದು, ಅಷ್ಟೇ. ಹಿಂದಿನ ವರ್ಷ ಈ ಅಂತರ ಇನ್ನೂ ದೊಡ್ಡದಿತ್ತು, 6 ನಿಮಿಷ 51 ಸೆಕೆಂಡ್.

ಇನ್ನು ಎರಡನೆಯ ಮಾತು. 1897ರಲ್ಲಿ ಶುರುವಾದ ಈ ಓಟಕ್ಕೆ 1970ರವರೆಗೆ ಸಮಯದ ಮಿತಿಯೇ ಇರಲಿಲ್ಲ. ಓಟ ಹೊರಡುವ ಹಾಪ್ಕಿಂಟನ್ ಪುಟ್ಟ ಊರು, ರಸ್ತೆ ಕಿರಿದು, ಎಲ್ಲರಿಗೂ ಜಾಗ ಸಾಲದು, ಅದಕ್ಕೇ ಮಿತಿ ಬೇಕು. ಮಿತಿ ಎಲ್ಲರಿಗೂ ಒಂದೇ ಅಲ್ಲ. 60ರಿಂದ 64 ವರ್ಷದ ಗಂಡಸರಿಗೆ 3 ಗಂಟೆ 50 ನಿಮಿಷ, ಅದೇ ವಯಸ್ಸಿನ ಹೆಂಗಸರಿಗೆ 4 ಗಂಟೆ 20 ನಿಮಿಷ. ಸೇವಾ ಸಂಸ್ಥೆಗಳಿಗೆ ಹಣ ಸಂಗ್ರಹಿಸಿ ಓಡುವವರಿಗೂ ಬೇರೆ ದಾರಿಯಿದೆ.

ಚಾಂಪಿಯನ್‌ಷಿಪ್ ಮಟ್ಟದ ಓಟಕ್ಕೆ ಮಿತಿ ಇರಬೇಕು ಅನ್ನೋದು ನನ್ನ ನಿಲುವು. ವಯಸ್ಸು ನೋಡಿ ಮಿತಿ ಇಟ್ಟರೆ ಅದು ನ್ಯಾಯವೇ. ಅರ್ಜಿ ಹಾಕುವ ಮುಂಚೆ ಆ ಅಂತರವನ್ನೂ ಲೆಕ್ಕಕ್ಕೆ ಹಿಡಿದು ತಯಾರಾಗಿ.